ಅಕೌಂಟ್ಸ್ ಕೆಲಸದವರಿಗೆ ಲಿಂಕ್ಡ್‌ಇನ್ ಹೇಗಿದೆ?

ಲಿಂಕ್ಡ್‌ಇನ್ ಅಂದರೆ ಐಟಿಯವರದ್ದು ಅನ್ನೋ ಮಾತು ನಮ್ಮ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಜಾಸ್ತಿ. ಇಲ್ಲಿ ಅಕೌಂಟ್ಸ್‌ನವರು ಕೆಲಸ ಹುಡುಕುವುದು ಪರಿಚಯದ ಆಡಿಟರ್ ಮೂಲಕ, ಇಲ್ಲಾಂದ್ರೆ ನೌಕ್ರಿ ಡಾಟ್ ಕಾಮ್ ಅನ್ನೋ ವೆಬ್‌ಸೈಟ್‌ನಲ್ಲಿ. ನಾನಿದ್ದದ್ದು ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಲ್ಲಿ. ಅದು ತುಮಕೂರಿನ ವಸಂತನರಸಾಪುರಕ್ಕೆ ಹೋಗುತ್ತದೆ ಅಂತ ಗೊತ್ತಾದ ಮೇಲೆ ಲಿಂಕ್ಡ್‌ಇನ್ ಪ್ರೊಫೈಲ್‌ಗೆ ಕೈ ಹಾಕಿದೆ. ದುಡ್ಡು ಕೊಡದೆ ಬಳಸುವ ಅಕೌಂಟ್‌ನ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.

ಹೆಸರಿನ ಕೆಳಗೆ ಬರುವ ಸಾಲೇ ಹೆಡ್‌ಲೈನ್. 220 ಅಕ್ಷರ ಹಿಡಿಯುತ್ತದೆ. ನಾವು ಬದಲಾಯಿಸದಿದ್ದರೆ ಈಗಿನ ಹುದ್ದೆ, ಕಂಪನಿ ಹೆಸರು ತಾನಾಗೇ ಬಂದು ಕೂರುತ್ತದೆ. ಸಣ್ಣ ಕಂಪನಿಯ ಹೆಸರು ಹೊರಗಿನವರಿಗೆ ಏನು ಹೇಳುತ್ತದೆ? ಎಚ್‌ಆರ್‌ನವರು ಹುಡುಕುವಾಗ 'ಶ್ರಮಜೀವಿ' ಅಂತ ಟೈಪ್ ಮಾಡುವುದಿಲ್ಲ. ಜಿಎಸ್‌ಟಿ, ಟ್ಯಾಲಿ, ಟಿಡಿಎಸ್ ಅಂತ ಟೈಪ್ ಮಾಡುತ್ತಾರೆ. ಹಾಗಾಗಿ ನನ್ನ ಹೆಡ್‌ಲೈನ್ ಇಷ್ಟೇ: 'ಸೀನಿಯರ್ ಅಕೌಂಟೆಂಟ್, ಜಿಎಸ್‌ಟಿ ರಿಟರ್ನ್ಸ್, ಟಿಡಿಎಸ್, ಟ್ಯಾಲಿ ಪ್ರೈಮ್, ಮ್ಯಾನುಫ್ಯಾಕ್ಚರಿಂಗ್'. ಮೊಬೈಲ್‌ನಲ್ಲಿ ಈ ಸಾಲು ಅರ್ಧಕ್ಕೇ ಕಟ್ ಆಗುತ್ತದೆ. ಮುಖ್ಯವಾದದ್ದನ್ನು ಮೊದಲೇ ಹಾಕಿಬಿಡಿ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅಬೌಟ್ ಅನ್ನೋ ಜಾಗ. ಅಲ್ಲಿ 2,600 ಅಕ್ಷರದವರೆಗೆ ಬರೆಯಬಹುದು. ದೊಡ್ಡ ಕಂಪನಿಯಲ್ಲಿ ಒಬ್ಬರು ಬರೀ ಬಿಲ್ ಪಾಸ್ ಮಾಡುತ್ತಾರೆ, ಇನ್ನೊಬ್ಬರು ಬರೀ ಬ್ಯಾಂಕ್ ನೋಡುತ್ತಾರೆ. ನಮ್ಮಂಥ ಕಡೆ ಎಲ್ಲವೂ ಒಬ್ಬರದೇ ತಲೆ ಮೇಲೆ. ಪರ್ಚೇಸ್ ಎಂಟ್ರಿ, ಇ-ವೇ ಬಿಲ್, ತಿಂಗಳ 7ನೇ ತಾರೀಖಿನೊಳಗೆ ಟಿಡಿಎಸ್ ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್), 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್), ಕೊನೆಗೆ ಆಡಿಟರ್ ಕೇಳಿದ್ದಕ್ಕೆಲ್ಲ ಉತ್ತರ. ನಮಗಿದು ದಿನನಿತ್ಯದ ಪಾಡು, ಅದಕ್ಕೇ ರೆಸ್ಯೂಮೆಯಲ್ಲಿ 'ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ' ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ಅಬೌಟ್‌ನಲ್ಲಿ ಇದನ್ನೇ ಬಿಡಿಸಿ ಬರೆಯಬಹುದು. ನಾನು ಬರೆದ ಒಂದು ವಾಕ್ಯ ಇದು: 'ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಹೋದ ಮಾಲಿನ ಚಲನ್ ಲೆಕ್ಕ ಇಟ್ಟು ಐಟಿಸಿ-04 ಫೈಲ್ ಮಾಡುತ್ತೇನೆ.' ಐಟಿಸಿ-04 ಅಂದರೆ ಹೀಗೆ ಹೊರಗೆ ಕೆಲಸಕ್ಕೆ ಕಳಿಸಿದ ಮಾಲಿನ ಲೆಕ್ಕ ಕೊಡುವ ಜಿಎಸ್‌ಟಿ ಫಾರ್ಮ್. ಕಾರ್ಖಾನೆಯ ಅಕೌಂಟ್ಸ್ ಮಾಡಿದವರಿಗೆ ಇಷ್ಟು ಓದಿದರೆ ಸಾಕು, ಈಕೆ ನಿಜವಾಗಿ ಕೂತು ಕೆಲಸ ಮಾಡಿದ್ದಾಳೆ ಅಂತ ತಿಳಿಯುತ್ತದೆ. ಇಂಟರ್‌ವ್ಯೂನಲ್ಲಿ ಫೈನಾನ್ಸ್ ಮ್ಯಾನೇಜರ್ ಮೊದಲು ಕೇಳಿದ್ದೂ ಇದನ್ನೇ, ಚಲನ್‌ನಲ್ಲಿ ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ ಏನು ಮಾಡ್ತೀರಿ ಅಂತ. ನನಗೆ ಗೊತ್ತಿದ್ದ ವಿಷಯ, ಮಾತು ಸಲೀಸಾಗಿ ಹೋಯಿತು.

ಕಂಪನಿಯ ಟರ್ನೋವರ್ ಮಾತ್ರ ಬರೆಯಬೇಡಿ. ಅದು ಮಾಲೀಕರ ಲೆಕ್ಕ, ನಮ್ಮದಲ್ಲ. ತಿಂಗಳಿಗೆ ಸುಮಾರು ಎಷ್ಟು ಇನ್‌ವಾಯ್ಸ್ ನೋಡುತ್ತಿದ್ದಿರಿ ಅಂತ ಹಾಕಿದರೆ ಸಾಕು.

'ಓಪನ್ ಟು ವರ್ಕ್' ಅನ್ನೋ ಹಸಿರು ಪಟ್ಟಿ ಫೋಟೋ ಸುತ್ತ ಬರುತ್ತದಲ್ವಾ, ಅದನ್ನು ಹಾಕದೆಯೂ ಈ ಸೌಲಭ್ಯ ಬಳಸಬಹುದು. ರಿಕ್ರೂಟರ್‌ಗಳಿಗೆ ಮಾತ್ರ ಕಾಣಲಿ ಅಂತ ಆರಿಸಿಕೊಂಡರೆ ಆಯಿತು. ಆಗ ನಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದ ಹಾಗೆ ನೋಡಿಕೊಳ್ಳುತ್ತಾರೆ, ಆದರೆ ಪೂರ್ತಿ ಗ್ಯಾರಂಟಿ ಇಲ್ಲ ಅಂತ ಲಿಂಕ್ಡ್‌ಇನ್‌ನವರೇ ಹೇಳುತ್ತಾರೆ. ಪೀಣ್ಯದಲ್ಲಂತೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟೋಕೆ ಆ್ಯಪ್ ಬೇಕಾಗಿಲ್ಲ, ಬಿಡಿ. ಪ್ರೊಫೈಲ್ ತಿದ್ದುವ ಮುಂಚೆ, ಬದಲಾವಣೆಯನ್ನು ಎಲ್ಲರಿಗೂ ತಿಳಿಸುವ ಸೆಟ್ಟಿಂಗ್ ಆಫ್ ಮಾಡಿಕೊಳ್ಳಿ.

ನೌಕ್ರಿಯೂ ಇರಲಿ. ನೋಟಿಸ್ ಪೀರಿಯಡ್, ಈಗಿನ ಸಂಬಳ, ಕೇಳುವ ಸಂಬಳ ಎಲ್ಲ ಅಲ್ಲಿ ಮೊದಲೇ ತುಂಬಿಸಿರುತ್ತೇವೆ. ಹಾಗಾಗಿ ಕನ್ಸಲ್ಟೆನ್ಸಿಯವರ ಫೋನ್ ಜಾಸ್ತಿ ಬರುವುದು ಅಲ್ಲಿಂದಲೇ. ಆ ಫೋನ್‌ಗಳ ನಡುವೆ ಒಬ್ಬರು, ದುಡ್ಡು ಕೊಟ್ಟರೆ ನಿಮ್ಮ ಪ್ರೊಫೈಲ್ 'ಡೈನಾಮಿಕ್, ರಿಸಲ್ಟ್ ಓರಿಯೆಂಟೆಡ್' ಅಂತ ಬರೆದುಕೊಡ್ತೀವಿ ಅಂದರು. ಅಂಥ ಪದಗಳಿಗೆ ದುಡ್ಡು ಬೇರೆ ಕೊಡಬೇಕಾ? ಲಿಂಕ್ಡ್‌ಇನ್‌ನಲ್ಲಿ ಫೋನ್ ಕಡಿಮೆ. ಆದರೆ ಕಂಪನಿಯ ಒಳಗಿನವರೇ ನೇರವಾಗಿ ಮೆಸೇಜ್ ಮಾಡುತ್ತಾರೆ, ಅವರು ಯಾರು, ಎಲ್ಲಿ ಕೆಲಸ ಮಾಡುತ್ತಾರೆ ಅಂತ ನಾವೂ ನೋಡಬಹುದು. ನನಗೆ ಇದೇ ಹೆಚ್ಚು ಇಷ್ಟವಾಯಿತು. ಎರಡರಲ್ಲಿ ಎಲ್ಲೇ ಆಗಲಿ, ಕೆಲಸ ಕೊಡೋಕೆ ರಿಜಿಸ್ಟ್ರೇಷನ್ ಫೀ ಕಟ್ಟಿ ಅಂತ ಯಾರಾದರೂ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಪ್ರೀಮಿಯಂ ನಾನು ತೆಗೆದುಕೊಂಡಿಲ್ಲ. ಪ್ರೊಫೈಲ್ ಯಾರು ಯಾರು ನೋಡಿದರು ಅನ್ನುವ ಇನ್ನೂ ಉದ್ದದ ಪಟ್ಟಿ ಅದರಲ್ಲಿ ಸಿಗುತ್ತದೆ, ಫ್ರೀ ಅಕೌಂಟ್‌ನಲ್ಲಿ ಕೆಲವರದ್ದು ಮಾತ್ರ. ಅಕೌಂಟ್ಸ್ ಕೆಲಸಕ್ಕೆ ಅದು ಬೇಕಾಗಲಿಲ್ಲ. ಪ್ರೊಫೈಲನ್ನು ಪಿಡಿಎಫ್ ಮಾಡಿ ಇಳಿಸಿಕೊಳ್ಳುವ ಅನುಕೂಲ ಇದೆ, ಎರಡು ಕಾಲಂನಲ್ಲಿ ಬರುತ್ತದೆ. ಅರ್ಜೆಂಟಿಗೆ ಪರವಾಗಿಲ್ಲ. ಕನ್ಸಲ್ಟೆನ್ಸಿಗೆ ಕಳಿಸೋಕೆ ಮಾತ್ರ ವರ್ಡ್‌ನಲ್ಲಿ ಎರಡು ಪುಟದ ರೆಸ್ಯೂಮೆ ಬೇರೆ ಇಟ್ಟುಕೊಳ್ಳಿ. ಒಟ್ಟಿನಲ್ಲಿ ಲಿಂಕ್ಡ್‌ಇನ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ.