ಲಗ್ನಪತ್ರಿಕೆ ತಿದ್ದಲು ಬಂದ ನೆಂಟರೆಲ್ಲ ನನ್ನ ಬಿಲ್ಲಿಗೆ ಸೇರಿದರು: ಆನ್‌ಲೈನ್ ಡಿಸೈನ್ ಪ್ಲ್ಯಾನ್ ತೆಗೆದುಕೊಳ್ಳುವ ಮುಂಚೆ ಓದಿ

ಪ್ರಿಂಟಿಂಗ್, ಡಿಟಿಪಿ, ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವವರೆಲ್ಲ ದಯವಿಟ್ಟು ಪೂರ್ತಿ ಓದಿ. ಆನ್‌ಲೈನ್ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ 'ಟೀಮ್ ಪ್ಲ್ಯಾನ್' ಅಂತ ಒಂದು ಇರುತ್ತದೆ, ಒಂದೇ ಅಕೌಂಟಿನಲ್ಲಿ ಹಲವರು ಕೆಲಸ ಮಾಡಲಿಕ್ಕೆ, ತಲೆಗಿಷ್ಟು ಅಂತ ದುಡ್ಡು. ಅದಕ್ಕೆ ದುಡ್ಡು ಕಟ್ಟುತ್ತಿದ್ದರೆ ಇವತ್ತೇ ಬಿಲ್ಲಿಂಗ್ ಪುಟ ತೆಗೆದು, ಅಲ್ಲಿ ಯಾರ್ಯಾರ ಹೆಸರಿದೆ ನೋಡಿ. ನಿಮ್ಮ ಅಂಗಡಿಗೂ ಅವರಿಗೂ ಸಂಬಂಧವೇ ಇಲ್ಲದವರ ಹೆಸರು ಇರಬಹುದು. ನನ್ನ ಪುಟದಲ್ಲಿ ಇತ್ತು. ಒಬ್ಬರಲ್ಲ, ನಾಲ್ಕು ಜನ. ಆ ನಾಲ್ಕೂ ಜನರ ದುಡ್ಡು ನನ್ನ ತಲೆ ಮೇಲೆ.

ಕಂಪನಿ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯುವವರೆಗೆ ಇನ್ನೊಂದು ತಲೆನೋವು ಬೇಡ. ಹೆಸರು ಯಾವುದಾದರೂ ಇರಲಿ, ಇಂಥ ಪ್ಲ್ಯಾನ್ ಇರುವ ಕಡೆಯೆಲ್ಲ ಹುಷಾರಾಗಿರಿ ಅಂತ ಹೇಳುವುದಷ್ಟೇ ನನ್ನ ಉದ್ದೇಶ.

ನಮ್ಮದು ದಾವಣಗೆರೆಯಲ್ಲಿ ಸಣ್ಣ ಅಂಗಡಿ. ನಾನು, ಕೆಲಸಕ್ಕೆ ಒಬ್ಬ ಹುಡುಗ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬ್ಯಾನರ್, ಬಿಲ್ ಬುಕ್. ಇಷ್ಟು ವರ್ಷ ಕೋರೆಲ್‌ಡ್ರಾ, ನುಡಿ ಫಾಂಟ್, ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿ ಪ್ರೂಫ್ ತೋರಿಸುವುದು, ಹೀಗೇ ನಡೆದಿತ್ತು. ಲಗ್ನಪತ್ರಿಕೆ ಮಾಡುವವರಿಗೆ ಗೊತ್ತು, ಡಿಸೈನ್ ಒಂದು ಗಂಟೆಯ ಕೆಲಸ, ಹೆಸರು ತಿದ್ದುವುದು ಒಂದು ವಾರದ ಕೆಲಸ. 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಅಂತ ಅವರ ಮನೆಯಲ್ಲಿ ಜಗಳ, ರಾತ್ರಿ ಹನ್ನೊಂದಕ್ಕೆ ನಮಗೆ ಫೋನು. ಗಿರಾಕಿ ತನ್ನ ಫೋನಿನಲ್ಲೇ ಕಾರ್ಡು ತೆಗೆದು, ಅಲ್ಲೇ ಟಿಪ್ಪಣಿ ಹಾಕುವ ಹಾಗಿದ್ದರೆ ಎಷ್ಟು ಚೆನ್ನ ಅಲ್ವಾ? ಆ ಆಸೆಗೇ ಆನ್‌ಲೈನ್ ಸಾಫ್ಟ್‌ವೇರ್ ಹಿಡಿದದ್ದು.

ಫ್ರೀ ಪ್ಲ್ಯಾನಲ್ಲಿ ಕೆಲಸ ಆಗುವುದಿಲ್ಲ. ಪ್ರಿಂಟಿಗೆ ಕಳಿಸಲು ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಗಳ ಬಣ್ಣದ ಲೆಕ್ಕ) ಪಿಡಿಎಫ್ ಬೇಕಲ್ಲ, ಅದು ದುಡ್ಡು ಕಟ್ಟಿದವರಿಗೆ ಮಾತ್ರ. ಸ್ಕ್ರೀನಿನ ಬಣ್ಣದ ಲೆಕ್ಕವಾದ ಆರ್‌ಜಿಬಿಯಲ್ಲೇ ಕಳಿಸಿದರೆ ಸ್ಕ್ರೀನಿನಲ್ಲಿ ಕುಂಕುಮದ ಕೆಂಪು ಕಂಡದ್ದು ಕಾರ್ಡಿನ ಮೇಲೆ ಇಟ್ಟಿಗೆ ಬಣ್ಣವಾಗಿ ಬರುತ್ತದೆ. ಗಿರಾಕಿ ಸುಮ್ಮನಿರುತ್ತಾರಾ? ಹಾಗಾಗಿ ಎರಡು ಸೀಟಿನ, ಅಂದರೆ ಇಬ್ಬರು ಬಳಸುವ ಟೀಮ್ ಪ್ಲ್ಯಾನ್ ತೆಗೆದುಕೊಂಡೆ. ಒಂದು ಸೀಟಿಗೆ ತಿಂಗಳಿಗೆ 499, ಮೇಲೆ 18% ಜಿಎಸ್‌ಟಿ. ಎರಡಕ್ಕೂ ಸೇರಿ 1,178 ರೂಪಾಯಿ. ಬ್ಯಾಂಕ್ ಕಾರ್ಡಿಗೆ ಮ್ಯಾಂಡೇಟ್ (ಪ್ರತಿ ತಿಂಗಳು ತಾನಾಗಿ ದುಡ್ಡು ಕಡಿತವಾಗಲು ಒಪ್ಪಿಗೆ) ಹಾಕಿ ಒಟಿಪಿ ಕೊಟ್ಟೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಕೆಲವು ತಿಂಗಳು ಚೆನ್ನಾಗೇ ನಡೆಯಿತು. ಸುಳ್ಳು ಹೇಳಲ್ಲ, ಸಾಫ್ಟ್‌ವೇರ್ ಚೆನ್ನಾಗಿತ್ತು. ಯೂನಿಕೋಡ್ ಕನ್ನಡ ಫಾಂಟುಗಳಿದ್ದವು, ಒತ್ತಕ್ಷರ ಕೆಳಗೆ ಜಾರುತ್ತಿರಲಿಲ್ಲ, ಅರ್ಕಾವೊತ್ತು ತನ್ನ ಜಾಗದಲ್ಲೇ ಕೂರುತ್ತಿತ್ತು. ಮೋಸ ಇದ್ದದ್ದು ಸಾಫ್ಟ್‌ವೇರಿನಲ್ಲಲ್ಲ, ಬಿಲ್ಲಿನಲ್ಲಿ.

ಒಂದು ಸಂಜೆ ಬ್ಯಾಂಕಿನಿಂದ ಮೆಸೇಜು. ನಾಳೆ ನಿಮ್ಮ ಕಾರ್ಡಿನಿಂದ 3,533 ರೂಪಾಯಿ ಕಡಿತ ಆಗಲಿದೆ ಅಂತ. ಹೀಗೆ ತಾನಾಗಿ ಹೋಗುವ ಕಂತಿಗೆ ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, ಅದಕ್ಕೇ ಗೊತ್ತಾಯಿತು. ಇಲ್ಲದಿದ್ದರೆ ಹೋಗಿಯೇಬಿಡುತ್ತಿತ್ತು. 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲವಲ್ಲ. 1,178 ಇದ್ದದ್ದು 3,533 ಆಗಿದೆ! ಯಾರೋ ಕಾರ್ಡ್ ಕದ್ದಿದ್ದಾರೆ ಅಂತಲೇ ಬ್ಯಾಂಕಿಗೆ ಫೋನ್ ಮಾಡಿದೆ. ಅಲ್ಲಿದ್ದವರು ಸಮಾಧಾನವಾಗಿ, 'ಇದು ನೀವೇ ಒಪ್ಪಿಗೆ ಕೊಟ್ಟ ಮ್ಯಾಂಡೇಟ್ ಸರ್, ಕಂಪನಿಯವರು ಈ ತಿಂಗಳು ಇಷ್ಟು ಕೇಳಿದ್ದಾರೆ' ಅಂದರು.

ಬಿಲ್ಲಿಂಗ್ ಪುಟ ತೆಗೆದೆ. ಸೀಟುಗಳು: 6.

ನಾನು. ನಮ್ಮ ಹುಡುಗ. ಆಮೇಲೆ ಹೆಣ್ಣಿನ ಸೋದರಮಾವ. ಹೌದು, ಆ ವಾರ ಕಾರ್ಡು ಮಾಡಿಸಿದ ಮದುವೆ ಹೆಣ್ಣಿನ ಸೋದರಮಾವ! ಗುಂಡಗಿನ ಚಿಕ್ಕ ಫೋಟೋ, ಪಕ್ಕದಲ್ಲಿ 'ಎಡಿಟರ್, ಪಾವತಿ ಸೀಟು'. ಅವರ ಕೆಳಗೆ ಹೆಣ್ಣಿನ ಅಣ್ಣ. ಅವರ ಕೆಳಗೆ ಬೆಂಗಳೂರಿನಲ್ಲಿರುವ ಯಾರೋ ಕಸಿನ್. ಕೊನೆಯದು ಬರೀ ಒಂದು ಇಮೇಲು, ಯಾರದೋ ಇವತ್ತಿಗೂ ಗೊತ್ತಿಲ್ಲ. ಗಂಡಿನ ಕಡೆಯವರಿರಬೇಕು.

ಆದದ್ದು ಇಷ್ಟೇ. ಕಾರ್ಡು ನೋಡಿ ಅಂತ ಲಿಂಕ್ ಕಳಿಸಿದ್ದೆ. ಅವರು ಅದನ್ನು ಮನೆಯ ಗ್ರೂಪಿಗೆ ಹಾಕಿದ್ದಾರೆ. ಲಿಂಕ್ ತೆರೆದವರಿಗೆ ಮೇಲೆ ದೊಡ್ಡದಾಗಿ 'ಎಡಿಟ್ ಮಾಡಲು ಅನುಮತಿ ಕೇಳಿ' ಅನ್ನುವ ಬಟನ್ ಕಾಣುತ್ತದೆ. ಅವರು ಒತ್ತಿದರು. ನಮ್ಮ ಹುಡುಗನ ಫೋನಿಗೆ 'ಇವರು ಅನುಮತಿ ಕೇಳುತ್ತಿದ್ದಾರೆ, ಕೊಡಲೇ?' ಅಂತ ಬಂತು. ಕೊಟ್ಟ. ಗಿರಾಕಿ ತಾನೇ, ಬೇಡ ಅನ್ನಲಿಕ್ಕಾಗುತ್ತದೆಯೇ? ಆ ಪರದೆಯಲ್ಲಿ ಬೆಲೆ ಇರಲಿಲ್ಲ. 'ಇದಕ್ಕೆ ತಿಂಗಳಿಗೆ 499 ಬೀಳುತ್ತದೆ' ಅಂತ ಒಂದು ಸಾಲು ಇರಲಿಲ್ಲ. ಆಮೇಲೆ ನಾನೇ ಇನ್ನೊಂದು ಇಮೇಲಿನಿಂದ ಅನುಮತಿ ಕೇಳಿ, ಆ ಪರದೆಯ ಸ್ಕ್ರೀನ್‌ಶಾಟ್ ತೆಗೆದಿದ್ದೇನೆ. ಬೆಲೆ ಎಲ್ಲೂ ಇಲ್ಲ. ಹೋಟೆಲಿಗೆ ನೀರು ಕುಡಿಯಲು ಬಂದವನ ಊಟದ ಬಿಲ್ಲನ್ನು ನಮ್ಮ ಟೇಬಲ್ಲಿಗೆ ಹಾಕಿದ ಹಾಗೆ.

ಆ ಸೋದರಮಾವನವರು ಮಾಡಿದ ತಿದ್ದುಪಡಿ ಏನು ಅಂತ ಹಿಸ್ಟರಿ ತೆಗೆದು ನೋಡಿದೆ. ತಮ್ಮ ಹೆಸರನ್ನು ಒಂದು ಸಾಲು ಮೇಲಕ್ಕೆ ತಂದಿದ್ದಾರೆ, ಮುಂದೆ 'ನಿವೃತ್ತ' ಅಂತ ಸೇರಿಸಿದ್ದಾರೆ. ಅಷ್ಟೇ. ಅದಕ್ಕೆ ನಾನು ವರ್ಷವಿಡೀ ದುಡ್ಡು ಕಟ್ಟಬೇಕು.

ವರ್ಷವಿಡೀ ಅಂದೆನಲ್ಲ, ಅದು ಎರಡನೇ ಏಟು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಮೆಸೇಜಿನಲ್ಲಿದ್ದ ಲಿಂಕಿನಿಂದ ಕಡಿತ ನಿಲ್ಲಿಸಿದೆ. ಆ ಹಕ್ಕು ನಮಗಿದೆ, ನಿಲ್ಲಿಸಬಹುದು. ಖುಷಿಯಾಯಿತು. ಮಾರನೇ ದಿನ ಅಂಗಡಿ ತೆರೆದರೆ ಅಕೌಂಟಿನ ಮೇಲೆ ಕೆಂಪು ಪಟ್ಟಿ, 'ಪಾವತಿ ವಿಫಲ'. ಫೈಲ್ ಎಲ್ಲ ಕಾಣುತ್ತವೆ, ಡೌನ್‌ಲೋಡ್ ಆಗುವುದಿಲ್ಲ. ಅವತ್ತು ಮಧ್ಯಾಹ್ನ ಬೇರೆಯವರದೊಂದು ಗೃಹಪ್ರವೇಶದ ಕಾರ್ಡು ಆಫ್‌ಸೆಟ್‌ಗೆ ಹೋಗಬೇಕಿತ್ತು. ಪ್ರೂಫ್ ಓಕೆ ಆಗಿದೆ, ಅಡ್ವಾನ್ಸ್ ತೆಗೆದುಕೊಂಡಾಗಿದೆ, ಫೈಲ್ ಅವರ ಕೈಯಲ್ಲಿ. ನಾನು ಮಾಡಿದ ಡಿಸೈನ್, ನನ್ನ ಗಿರಾಕಿ, ಬೀಗ ಮಾತ್ರ ಅವರದ್ದು. ಹಲ್ಲು ಕಚ್ಚಿಕೊಂಡು 3,533 ಕಟ್ಟಿದೆ. ಹೊಟ್ಟೆ ಉರಿದುಹೋಯಿತು.

ಆಮೇಲೆ ಚಾಟ್. ಫೋನ್ ನಂಬರ್ ಇಲ್ಲ, ಚಾಟ್ ಮಾತ್ರ. ಮೊದಲು ಒಂದು ರೋಬೋಟು. ಅದು ಬಿಲ್ಲಿಂಗ್ ಅಂದರೆ ಬಿಲ್ಲಿಂಗ್ ಪುಟದ ಲಿಂಕ್ ಕೊಡುತ್ತದೆ, ಆ ಪುಟದಲ್ಲಿ 'ಸಹಾಯಕ್ಕೆ ಚಾಟ್ ಮಾಡಿ' ಅಂತ ಇರುತ್ತದೆ. ಅಂತೂ ಒಬ್ಬ ಮನುಷ್ಯ ಸಿಕ್ಕಿದ. 'ನಿಮಗಾದ ತೊಂದರೆ ನಮಗೆ ಅರ್ಥವಾಗುತ್ತದೆ' ಅಂದ. ಸೀಟು ಸೇರಿಸಿದವರು ಯಾರು ಅಂತ ಕೇಳಿದೆ. 'ನಿಮ್ಮ ಟೀಮಿನ ಸದಸ್ಯರೇ ಅನುಮತಿ ಕೊಟ್ಟಿದ್ದಾರೆ.' ಬೆಲೆ ಯಾಕೆ ತೋರಿಸಲಿಲ್ಲ? 'ಬೆಲೆಯ ವಿವರ ಪ್ರೈಸಿಂಗ್ ಪುಟದಲ್ಲಿ ಇದೆ.' ಅನುಮತಿ ಕೇಳುವ ಪರದೆಯಲ್ಲಿ ಯಾಕಿಲ್ಲ ಅಂದೆ. 'ನಿಮಗಾದ ತೊಂದರೆ ನಮಗೆ ಅರ್ಥವಾಗುತ್ತದೆ.'

ಇನ್ನೊಬ್ಬರು ಬಂದರು, ಬೇರೆ ಹೆಸರು. ಅವರು ಹೇಳಿದ್ದು ಕೇಳಿ. 'ಸೆಟ್ಟಿಂಗ್ಸ್‌ನಲ್ಲಿ, ಪಾವತಿ ಸೀಟಿಗೆ ಮಾಲೀಕರ ಒಪ್ಪಿಗೆ ಬೇಕು ಅನ್ನುವ ಆಯ್ಕೆ ಇದೆ ಸರ್, ನೀವು ಅದನ್ನು ಆನ್ ಮಾಡಿಲ್ಲ.' ಅಂದರೆ ಅದು ಮೊದಲಿನಿಂದಲೇ ಆಫ್! ದುಡ್ಡು ಹೋಗುವುದು ತಾನಾಗಿ ಆಗುತ್ತದೆ, ದುಡ್ಡು ಉಳಿಯಬೇಕಾದರೆ ನಾವು ಹುಡುಕಿಕೊಂಡು ಹೋಗಿ ಆನ್ ಮಾಡಬೇಕು. ಇದನ್ನು ಹೇಳುವಾಗ ಆ ಮನುಷ್ಯನಿಗೆ ಒಂಚೂರೂ ಸಂಕೋಚ ಇಲ್ಲ. ಕೊನೆಗೊಂದು ನಗುವ ಇಮೋಜಿ ಬೇರೆ.

ಸರಿ, ಆ ನಾಲ್ಕು ಜನರನ್ನು ತೆಗೆದುಬಿಡಿ ಅಂದೆ. ತೆಗೆದರು. ಹೆಸರು ಹೋಯಿತು, ಸೀಟು ಹಾಗೇ ಉಳಿಯಿತು. 'ಖಾಲಿ ಸೀಟುಗಳು: 4'. ಅದೇನು? 'ನಿಮ್ಮದು ವಾರ್ಷಿಕ ಒಪ್ಪಂದ. ಸೀಟು ಯಾವಾಗ ಬೇಕಾದರೂ ಹೆಚ್ಚಿಸಬಹುದು, ಕಡಿಮೆ ಮಾಡುವುದು ರಿನ್ಯೂವಲ್ ಸಮಯದಲ್ಲಿ ಮಾತ್ರ.'

ಇಲ್ಲಿಗೆ ಎರಡನೇ ಏಟು ಬಿತ್ತು. ನಾನು ತೆಗೆದುಕೊಂಡದ್ದು ತಿಂಗಳ ಪ್ಲ್ಯಾನ್ ಅಂತ ತಿಳಿದಿದ್ದೆ. ತಿಂಗಳಿಗೆ 499 ಅಂತ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಯಾರು ಬೇರೆ ಅರ್ಥ ಮಾಡಿಕೊಳ್ಳುತ್ತಾರೆ? ಮತ್ತೆ ಹೋಗಿ ಆ ಪುಟ ನೋಡಿದೆ. ಬೆಲೆಯ ಕೆಳಗೆ, ಬಿಳಿ ಮೇಲೆ ತಿಳಿ ಬೂದು ಬಣ್ಣದಲ್ಲಿ, 'ವಾರ್ಷಿಕ ಒಪ್ಪಂದ, ತಿಂಗಳ ಪಾವತಿ'. ಡಿಸೈನ್ ಮಾಡುವವರಿಗೆ ಹೇಳಬೇಕಾಗಿಲ್ಲ, ಓದಬಾರದು ಅಂತಲೇ ಅಕ್ಷರಕ್ಕೆ ಆ ಬಣ್ಣ ಹಾಕುತ್ತಾರೆ. ನಿಜವಾದ ತಿಂಗಳ ಪ್ಲ್ಯಾನ್ 799, ಅದು ಇನ್ನೊಂದು ಟ್ಯಾಬಿನಲ್ಲಿ. ಪುಟ ತೆರೆದಾಗ ಈ ವಾರ್ಷಿಕ ಒಪ್ಪಂದದ್ದೇ ಆಯ್ಕೆಯಾಗಿ ಕೂತಿರುತ್ತದೆ.

ಎಲ್ಲ ಕ್ಯಾನ್ಸಲ್ ಮಾಡಿಬಿಡುತ್ತೇನೆ ಅಂತ ಹೊರಟೆ. ಯಾಕೆ ಬಿಡುತ್ತಿದ್ದೀರಿ ಅಂತ ಪ್ರಶ್ನೆ, ಅರ್ಧ ಬೆಲೆಗೆ ಕೊಡುತ್ತೇವೆ ಅಂತ ಆಸೆ, ಅದೂ ದಾಟಿದರೆ 'ಬೇಡ, ನನಗೆ ಒಳ್ಳೆ ಡಿಸೈನ್ ಮಾಡುವ ಆಸೆ ಇಲ್ಲ' ಅಂತ ಒಂದು ಬಟನ್. ಅದನ್ನೇ ಒತ್ತಬೇಕು, ಬೇರೆ ದಾರಿ ಇಲ್ಲ. ಕೊನೆಯ ಪರದೆಯಲ್ಲಿ ದಂಡ. ಉಳಿದ ತಿಂಗಳುಗಳ ಅರ್ಧ ದುಡ್ಡು, ಆರು ಸೀಟಿಗೂ, ಜಿಎಸ್‌ಟಿ ಸೇರಿ 14,132 ರೂಪಾಯಿ. ಬಿಡುವುದಕ್ಕೆ ಹದಿನಾಲ್ಕು ಸಾವಿರ! ಅಲ್ಲೇ ನಿಲ್ಲಿಸಿದೆ.

ಅಮೆರಿಕದಲ್ಲಿ 2024ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ಒಂದು ದೊಡ್ಡ ಡಿಸೈನ್ ಸಾಫ್ಟ್‌ವೇರ್ ಕಂಪನಿಯನ್ನು ಕೋರ್ಟಿಗೆ ಎಳೆದಿತ್ತು. ಆರೋಪ ಹೆಚ್ಚುಕಡಿಮೆ ಇದೇ, ವರ್ಷದ ಕರಾರು, ತಿಂಗಳ ಕಂತು, ನಡುವೆ ಬಿಟ್ಟರೆ ದಂಡ, ಆ ದಂಡದ ಮಾತು ಕಣ್ಣಿಗೆ ಬೀಳದ ಜಾಗದಲ್ಲಿ. ನಮ್ಮಲ್ಲೂ ನಿಯಮ ಇಲ್ಲದೇ ಇಲ್ಲ. 2023ರ ನವೆಂಬರ್ 30ರಂದು ಕೇಂದ್ರ ಸರ್ಕಾರ 'ಡಾರ್ಕ್ ಪ್ಯಾಟರ್ನ್', ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಪುಟ ವಿನ್ಯಾಸ ತಡೆಯುವ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ 13 ಬಗೆಯ ಮೋಸದ ಪಟ್ಟಿ ಇದೆ. ಬಿಡಲಿಕ್ಕೆ ಬಿಡದಂತೆ ಸುತ್ತಿಸುವ 'ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್' ಅದರಲ್ಲಿದೆ, ಬೇಡ ಅನ್ನುವವನನ್ನು ನಾಚಿಸುವ 'ಕನ್ಫರ್ಮ್ ಶೇಮಿಂಗ್' ಕೂಡ ಇದೆ. ಚಾಟಿನಲ್ಲಿ ಇದನ್ನು ಬರೆದೆ. ಬಂದ ಉತ್ತರ: 'ನೀವು ಜಿಎಸ್‌ಟಿ ನಂಬರ್ ಕೊಟ್ಟಿರುವುದರಿಂದ ನೀವು ಬಿಸಿನೆಸ್ ಗ್ರಾಹಕರು, ನಮ್ಮ ಬಿಸಿನೆಸ್ ನಿಯಮಗಳು ಅನ್ವಯಿಸುತ್ತವೆ.' ಬಿಸಿನೆಸ್ ಅಂತೆ! ಹತ್ತಡಿ ಅಂಗಡಿ, ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಷೀನು.

ಆಮೇಲೆ 1915ಕ್ಕೆ ಫೋನ್ ಮಾಡಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರು ಬರೆದುಕೊಂಡು ನಂಬರ್ ಕೊಟ್ಟರು. ಸ್ಕ್ರೀನ್‌ಶಾಟ್, ಇನ್‌ವಾಯ್ಸ್, ಚಾಟ್ ಎಲ್ಲ ಹಾಕಿದ್ದೇನೆ. ಅದಾದ ಮೇಲೆ ಕಂಪನಿಯಿಂದ ಮೇಲ್ ಬಂತು. ನಾಲ್ಕು ಸೀಟಿನ ಒಂದು ತಿಂಗಳ ದುಡ್ಡು ವಾಪಸ್, 'ಒಂದು ಸಲದ ಸೌಜನ್ಯಕ್ಕಾಗಿ' ಅಂತೆ. ನನ್ನ ದುಡ್ಡು ನನಗೆ ಕೊಡುವುದು ಅವರ ಸೌಜನ್ಯ! ಉಳಿದ ತಿಂಗಳುಗಳ ಮಾತೇ ಇಲ್ಲ.

ಮದುವೆ ಮನೆಯವರಿಗೆ ಏನೂ ಹೇಳಲಿಲ್ಲ. ಏನಂತ ಹೇಳುವುದು, 'ಮಾವ, ನೀವು ಹೆಸರು ಮೇಲೆ ತಂದಿದ್ದಕ್ಕೆ 499 ಕೊಡಿ' ಅಂತ ಕೇಳಲಿಕ್ಕಾಗುತ್ತದೆಯೇ? ಅವರಿಗೂ ಗೊತ್ತಿಲ್ಲದೇ ಆದದ್ದು. ಅಂಗಡಿಯ ಹುಡುಗ ಮಾತ್ರ ಎರಡು ದಿನ ಮುಖ ಸಪ್ಪೆ ಮಾಡಿಕೊಂಡಿದ್ದ. 'ಅಣ್ಣಾ, ಸಂಬಳದಲ್ಲಿ ಹಿಡ್ಕೊಳ್ಳಿ' ಅಂದ. ಅದು ಕೇಳಿ ಇನ್ನೂ ಸಿಟ್ಟು ಬಂತು, ಅವನ ಮೇಲಲ್ಲ.

ಈಗಾಗಲೇ ಇಂಥ ಪ್ಲ್ಯಾನಿನಲ್ಲಿ ಇರುವವರು ಮೊದಲು ಆ ಸೆಟ್ಟಿಂಗ್ ಹುಡುಕಿ, ಮಾಲೀಕರ ಒಪ್ಪಿಗೆ ಇಲ್ಲದೆ ಸೀಟು ಸೇರದ ಹಾಗೆ ಮಾಡಿ. ಹೊಸದಾಗಿ ತೆಗೆದುಕೊಳ್ಳುವವರು ತಿಂಗಳಿಗೆ ಜಾಸ್ತಿ ಆದರೂ ನಿಜವಾದ ತಿಂಗಳ ಪ್ಲ್ಯಾನೇ ತೆಗೆದುಕೊಳ್ಳಿ. ಸೀಸನ್ ಮುಗಿದ ಮೇಲೆ ಬಿಡಬಹುದು. ಮ್ಯಾಂಡೇಟ್ ಹಾಕುವಾಗ ಗರಿಷ್ಠ ಮೊತ್ತ ಎಷ್ಟಿದೆ ಅಂತ ನೋಡಿ, ನನ್ನದರಲ್ಲಿ ಅವರೇ 15,000 ತುಂಬಿಟ್ಟಿದ್ದರು. ಆ್ಯಪ್ ಡಿಲೀಟ್ ಮಾಡಿದರೆ ಪ್ಲ್ಯಾನ್ ನಿಲ್ಲುವುದಿಲ್ಲ. ಓಕೆ ಆದ ಕಾರ್ಡಿನ ಪಿಡಿಎಫ್ ಅವತ್ತೇ ಇಳಿಸಿ ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ, ಇದಂತೂ ಮರೆಯಬೇಡಿ.

ನಾನು ಹೊಸ ಕೆಲಸವೆಲ್ಲ ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಶುರು ಮಾಡಿದ್ದೇನೆ. ಪುಕ್ಕಟೆ, ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಯೂನಿಕೋಡ್ ಕನ್ನಡವೂ ಸರಿಯಾಗಿ ಬರುತ್ತದೆ. ಸಿಎಂವೈಕೆಗೆ ಅದೊಂದೇ ಸಾಲದು, ಸ್ಕ್ರೈಬಸ್ ಅನ್ನುವ ಪುಟ ಜೋಡಿಸುವ ಸಾಫ್ಟ್‌ವೇರ್‌ಗೆ ಹಾಕಿ ಪಿಡಿಎಫ್ ತೆಗೆಯಬೇಕು, ಸ್ವಲ್ಪ ಸುತ್ತಾಟ ಇದೆ. ಪ್ರೂಫ್ ಮತ್ತೆ ವಾಟ್ಸ್ಆ್ಯಪ್‌ನಲ್ಲೇ ಹೋಗುತ್ತಿದೆ, ರಾತ್ರಿ ಹನ್ನೊಂದರ ಫೋನೂ ಬರುತ್ತಿದೆ. ಬರಲಿ.

ದೂರಿನ ಸ್ಥಿತಿ ಇನ್ನೂ 'ಪರಿಶೀಲನೆಯಲ್ಲಿದೆ' ಅಂತಲೇ ಇದೆ. ಏನಾದರೂ ಆದರೆ ಬರೆಯುತ್ತೇನೆ. ಅಷ್ಟರೊಳಗೆ ನೀವು ಗಿರಾಕಿಗಳಿಗೆ ಕಳಿಸಿದ ಹಳೆಯ ಲಿಂಕುಗಳನ್ನೆಲ್ಲ ನಿಲ್ಲಿಸಿಬಿಡಿ.