ಡೀಫಾಲ್ಟ್ ಎಲ್ಲಾ ಆಫ್ ಮಾಡಿದ ಮೇಲೆ ಪರವಾಗಿಲ್ಲ: ಒಂದು ಡ್ಯಾಶ್‌ಬೋರ್ಡ್ ಟೂಲ್ ಜೊತೆ ಆರು ತಿಂಗಳು

ಆಫೀಸಲ್ಲಿ ಆರು ತಿಂಗಳಿಂದ, ವ್ಯಾಪಾರದ ಅಂಕಿಗಳನ್ನು ಒಂದೆಡೆ ಚಾರ್ಟ್‌ಗಳಾಗಿ ತೋರಿಸುವ ಒಂದು ಡ್ಯಾಶ್‌ಬೋರ್ಡ್ ಟೂಲ್ ಬಳಸುತ್ತಿದ್ದೇವೆ. ಹೆಸರು ಬೇಡ, ಯಾಕಂದ್ರೆ ನನ್ನ ದೂರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಥರದ ಬೇರೆ ಟೂಲ್‌ಗಳಿಗೂ ಹೊಂದುತ್ತವೆ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ಸ್ಟಾರ್. ಡೇಟಾ ಜೋಡಿಸುವ ಕೆಲಸಕ್ಕಾದರೆ ಐದೂ ಕೊಡುತ್ತಿದ್ದೆ, ಅದು ತಾನಾಗಿ, ಅಂದರೆ ಡೀಫಾಲ್ಟ್ ಆಗಿ, ಬಿಡಿಸಿಕೊಡುವ ಚಾರ್ಟ್‌ಗಳಿಗೆ ಒಂದು ಕೊಟ್ಟರೂ ಜಾಸ್ತಿಯೇ.

ಒಳ್ಳೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಎಕ್ಸೆಲ್ ಶೀಟ್, ಬಿಲ್ಲಿಂಗ್ ಸಾಫ್ಟ್‌ವೇರ್, ಆನ್‌ಲೈನ್ ಆರ್ಡರ್, ಮೂರೂ ಒಂದೇ ಮಧ್ಯಾಹ್ನದಲ್ಲಿ ಕನೆಕ್ಟ್ ಆದವು. ಸೋಮವಾರ ಬೆಳಿಗ್ಗೆಯ ಕಾಪಿ-ಪೇಸ್ಟ್ ಕಾಟ ತಪ್ಪಿತು. ಯಾವ ಪೇಜನ್ನು ಯಾರು ಎಷ್ಟು ಸಲ ತೆರೆದರು ಅನ್ನೋ ಲೆಕ್ಕವನ್ನೂ ಇಡುತ್ತದೆ, ಅದರ ವಿಷಯ ಆಮೇಲೆ.

ಈಗ ಮೊದಲ ತಿಂಗಳ ರಂಪಾಟ. ಹಿಂದಿನ ತಿಂಗಳು 1,000 ಆರ್ಡರ್, ಈ ತಿಂಗಳು 970. ಕಡಿಮೆಯಾದದ್ದು ಬರೀ 3 ಶೇಕಡಾ. ಆದರೆ ಟೂಲ್ ತನ್ನಷ್ಟಕ್ಕೆ ಬಾರ್ ಚಾರ್ಟ್‌ನ ಅಕ್ಷವನ್ನು 950ರಿಂದ ಶುರು ಮಾಡಿತ್ತು. ಅಂದರೆ ಪರದೆಯ ಮೇಲೆ ಒಂದು ಬಾರ್‌ನ ಎತ್ತರ 50, ಇನ್ನೊಂದರದ್ದು 20, ನೋಡಿದವರಿಗೆ ವ್ಯಾಪಾರ 60 ಶೇಕಡಾ ಕುಸಿದ ಹಾಗೆ. ಬಾಸ್ ಮೀಟಿಂಗ್ ಕರೆದೇಬಿಟ್ಟರು, ಸೇಲ್ಸ್‌ನವರು ಬೈಸಿಕೊಂಡರು, ನಾನು ಎದ್ದು ಅಕ್ಷದ ಕೆಳಗಿನ ಸಣ್ಣ ಅಂಕಿ ತೋರಿಸುವ ಹೊತ್ತಿಗೆ ಅರ್ಧ ಗಂಟೆ ಹೋಗಿತ್ತು. ಬಾರ್‌ನಲ್ಲಿ ಕಣ್ಣು ಅಳೆಯೋದು ಉದ್ದವನ್ನು, ಹಾಗಾಗಿ ಅದು ಸೊನ್ನೆಯಿಂದಲೇ ಏಳಬೇಕು. ಲೈನ್ ಚಾರ್ಟ್‌ಗೆ ಇಷ್ಟು ಬಿಗಿ ಬೇಡ, ಅಲ್ಲಿ ನೋಡೋದು ಏರಿಳಿತವನ್ನು. ಈ ಸೆಟ್ಟಿಂಗ್ ಟೂಲ್‌ನಲ್ಲಿ ಇದೆ, ಇಲ್ಲ ಅಂತಲ್ಲ. ಮೂರು ಮೆನು ಒಳಗೆ ಹುದುಗಿದೆ, ಅದೂ ಪ್ರತಿ ಚಾರ್ಟ್‌ಗೂ ಬೇರೆ ಬೇರೆಯಾಗಿ ಬದಲಾಯಿಸಬೇಕು!

ಲೈನ್ ಚಾರ್ಟ್‌ನಲ್ಲಿ ಬೇರೆಯೇ ತೊಂದರೆ ಇದೆ. ಇವತ್ತು ತಿಂಗಳ 8ನೇ ತಾರೀಖು ಅಂದುಕೊಳ್ಳಿ. ಎಂಟು ದಿನದ ಮಾರಾಟವನ್ನೇ ಇಡೀ ತಿಂಗಳದ್ದು ಅನ್ನೋ ಹಾಗೆ ಕೊನೆಯ ಚುಕ್ಕೆಯಾಗಿ ಇಟ್ಟುಬಿಡುತ್ತದೆ, ಗೆರೆ ಬಾವಿಗೆ ಬಿದ್ದ ಹಾಗೆ ಕಾಣುತ್ತದೆ. ಪ್ರತಿ ತಿಂಗಳ ಮೊದಲ ವಾರ ಒಬ್ಬರಾದರೂ ಗಾಬರಿಯಿಂದ ಮೆಸೇಜ್ ಹಾಕುತ್ತಿದ್ದರು. ಈಗ ಮುಗಿದ ತಿಂಗಳುಗಳನ್ನು ಮಾತ್ರ ತೋರಿಸೋ ಫಿಲ್ಟರ್ ಹಾಕಿದ್ದೇನೆ. ಜೊತೆಗೆ ಡೇಟಾ ಯಾವಾಗ ಅಪ್‌ಡೇಟ್ ಆಯ್ತು ಅನ್ನೋದನ್ನೂ ಮೇಲೆಯೇ ಬರೆದಿದ್ದೇನೆ. ಇದು ಟೂಲೇ ಮಾಡಬೇಕಾದ ಕೆಲಸ ಅಲ್ವಾ?

ಪೈ ಚಾರ್ಟ್ ವಿಷಯಕ್ಕೆ ಬಂದರೆ, ನಮ್ಮಲ್ಲಿ ಹನ್ನೊಂದು ವಿಭಾಗ, ಅದಕ್ಕೆ ಹನ್ನೊಂದು ಬಣ್ಣದ ಹನ್ನೊಂದು ತುಂಡು, ಮೇಲಿಂದ ತ್ರೀಡಿ ಬೇರೆ. ಮುಂದೆ ಚಾಚಿದ ತುಂಡು ಸುಮ್ನೆ ದೊಡ್ಡದಾಗಿ ಕಾಣುತ್ತದೆ. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನೋ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1984ರಲ್ಲೇ ಜನರ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು, ಒಂದೇ ಅಳತೆಗೆರೆಯ ಮೇಲೆ ಇಟ್ಟದ್ದನ್ನು ನಾವು ಸರಿಯಾಗಿ ಹೋಲಿಸುತ್ತೇವೆ, ಕೋನವನ್ನು ಅಷ್ಟು ಚೆನ್ನಾಗಿ ಅಂದಾಜು ಮಾಡಲಾರೆವು ಅಂತ. ಇಷ್ಟು ವರ್ಷ ಆದಮೇಲೂ ಈ ಟೂಲ್ ಮೊದಲು ಮುಂದಿಡೋದು ಪೈಯನ್ನೇ. ಅಡ್ಡ ಬಾರ್‌ಗೆ ಬದಲಾಯಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಎಲ್ಲಕ್ಕೂ ಒಂದೇ ಬೂದು ಬಣ್ಣ ಕೊಟ್ಟು, ಗಮನ ಬೇಕಾದ ಒಂದಕ್ಕೆ ಮಾತ್ರ ಕಿತ್ತಳೆ ಹಚ್ಚಿದೆ. ಅವತ್ತು ಮೊದಲ ಸಲ ಯಾರೂ "ಇದೇನು?" ಅಂತ ಕೇಳಲಿಲ್ಲ.

ಬಣ್ಣ ಅಂದಾಗ ಇನ್ನೊಂದು ನೆನಪಾಯಿತು. ಟಾರ್ಗೆಟ್ ಮುಟ್ಟಿದರೆ ಹಸಿರು, ಇಲ್ಲದಿದ್ದರೆ ಕೆಂಪು, ಇದೂ ಡೀಫಾಲ್ಟ್. ಅಕೌಂಟ್ಸ್‌ನ ನಮ್ಮ ಸಹೋದ್ಯೋಗಿಗೆ ಎರಡೂ ಒಂದೇ ಥರ ಕಾಣುತ್ತಿತ್ತಂತೆ, ನಾಲ್ಕು ತಿಂಗಳು ಸಂಕೋಚಕ್ಕೆ ಬಾಯಿ ಬಿಟ್ಟಿರಲಿಲ್ಲ. ಕೆಂಪು-ಹಸಿರು ಗೊಂದಲ ಗಂಡಸರಲ್ಲಿ ಏನೂ ಅಪರೂಪವಲ್ಲ. ಈಗ ನೀಲಿ ಮತ್ತು ಕಿತ್ತಳೆ ಇದೆ, ಪಕ್ಕದಲ್ಲಿ ಮೇಲೆ-ಕೆಳಗೆ ಬಾಣದ ಗುರುತೂ ಇದೆ.

ಸಪೋರ್ಟ್‌ನವರು ಒಳ್ಳೆಯವರೇ, ಉತ್ತರ ಒಂದೇ ದಿನದಲ್ಲಿ ಬರುತ್ತದೆ. ಆದರೆ ಏನೇ ಕೇಳಿದರೂ ಇನ್ನೊಂದು ಹೊಸ ಟೆಂಪ್ಲೇಟ್ ಕಳಿಸುತ್ತಾರೆ. ಮೊಬೈಲ್ ಆ್ಯಪ್ ಬಗ್ಗೆ ಮಾತೇ ಬೇಡ.

ಅಂದಹಾಗೆ ಡ್ಯಾಶ್‌ಬೋರ್ಡ್ ಅಂದರೆ ಮೊದಲು ಕುದುರೆ ಗಾಡಿಯ ಮುಂದಿನ ಹಲಗೆ, ಗೊರಸಿನಿಂದ ಎಗರುವ ಕೆಸರು ಸವಾರರಿಗೆ ಸಿಡಿಯದಿರಲಿ ಅಂತ ಇದ್ದದ್ದು. ನಮ್ಮದು ಮೊದಲು ಕೆಸರನ್ನೇ ಎರಚುತ್ತಿತ್ತು. ಟೂಲ್ ಕೊಟ್ಟ ಟೆಂಪ್ಲೇಟ್‌ನಲ್ಲಿ ಒಂದೇ ಪೇಜಿಗೆ 22 ಚಾರ್ಟ್. ಪ್ರತಿಯೊಂದರ ಮುಂದೆ ನಿಂತು "ಇದನ್ನು ನೋಡಿ ಯಾರು ಏನು ಮಾಡುತ್ತಾರೆ?" ಅಂತ ಕೇಳುತ್ತಾ ಹೋದೆ. ಐದು ಉಳಿದವು. ಮೇಲೆ ದೊಡ್ಡ ಅಂಕಿಗಳು, ಪ್ರತಿ ಅಂಕಿಯ ಕೆಳಗೆ ಹಿಂದಿನ ತಿಂಗಳದ್ದು ಮತ್ತು ಟಾರ್ಗೆಟ್. ಬರೀ "ಆರ್ಡರ್ 970" ಅಂತ ಹಾಕಿದರೆ ಅದು ಒಳ್ಳೆಯದೋ ಕೆಟ್ಟದ್ದೋ ಯಾರಿಗೆ ಗೊತ್ತಾಗಬೇಕು?

ಹಾಗಾದರೆ ತಗೋಬಹುದಾ? ಸೆಟ್ಟಿಂಗ್ಸ್ ಜೊತೆ ಒಂದು ವಾರ ಗುದ್ದಾಡುವ ತಾಳ್ಮೆ ಇರುವವರು ಟೀಮ್‌ನಲ್ಲಿ ಒಬ್ಬರಿದ್ದರೆ ತಗೊಳ್ಳಿ. ಹಾಕಿದ ತಕ್ಷಣ ತಾನೇ ಎಲ್ಲಾ ಹೇಳಿಬಿಡುತ್ತದೆ ಅಂದುಕೊಂಡಿದ್ದರೆ ಬೇಡ.

ತೆಗೆದ ಚಾರ್ಟ್‌ಗಳಲ್ಲಿ ಕಾರಿನ ಸ್ಪೀಡೋಮೀಟರ್ ಥರದ ಗೇಜ್ ಒಂದಿತ್ತು, ಒಂದೇ ಅಂಕಿ ತೋರಿಸಲು ಕಾಲು ಪರದೆ ನುಂಗುವಂಥದ್ದು. ಬಾಸ್‌ಗೆ ಅದು ತುಂಬಾ ಇಷ್ಟ, ವಾಪಸ್ ಬೇಕೇ ಬೇಕು ಅಂದರು. ಬೇರೆ ಪೇಜ್ ಮಾಡಿ ಅಲ್ಲಿ ಇಟ್ಟೆ. ಮೂರು ತಿಂಗಳಾದ ಮೇಲೆ ಲೆಕ್ಕ ತೆಗೆದು ನೋಡಿದರೆ ಆ ಪೇಜ್ ತೆರೆದದ್ದು ಎರಡೇ ಸಲ. ಎರಡೂ ನಾನೇ.