ನಮೀಬಿಯಾದ ಕಂದರಗಳ ಶಿಬಿರ ಪ್ರವಾಸ: ನನ್ನ ತಕರಾರು ಗಡಿಯಾರದ್ದು

ದಕ್ಷಿಣ ನಮೀಬಿಯಾದ ಕಂದರಗಳನ್ನು ಟ್ರಕ್ಕಿನಲ್ಲಿ ಸುತ್ತಿ, ರಾತ್ರಿ ಡೇರೆಯಲ್ಲಿ ಮಲಗುವ ಪ್ರವಾಸವೊಂದನ್ನು ಜುಲೈ ತಿಂಗಳಿನಲ್ಲಿ ಮುಗಿಸಿ ಬಂದೆ. ಡೇರೆ, ಅಡುಗೆ, ವಾಹನ ಯಾವುದರ ಬಗ್ಗೆಯೂ ದೂರಿಲ್ಲ. ಆದರೆ ಯಾವ ಸ್ಥಳವನ್ನು ಯಾವ ಹೊತ್ತಿನಲ್ಲಿ ತೋರಿಸಬೇಕೆಂಬುದನ್ನು ಪ್ರವಾಸ ರೂಪಿಸಿದವರು ಯೋಚಿಸಿದಂತೆ ಕಾಣಲಿಲ್ಲ.

ಫಿಶ್ ರಿವರ್ ಕ್ಯಾನ್ಯನ್ ಸುಮಾರು 160 ಕಿ.ಮೀ. ಉದ್ದವಿದ್ದು, ಕೆಲವೆಡೆ 27 ಕಿ.ಮೀ.ವರೆಗೆ ಅಗಲವೂ 550 ಮೀಟರಿನಷ್ಟು ಆಳವೂ ಆಗಿದೆ. ಕರಪತ್ರ ಇದನ್ನು ಜಗತ್ತಿನ ಎರಡನೆಯ ದೊಡ್ಡ ಕಂದರವೆನ್ನುತ್ತದೆ. ಯಾವ ಅಳತೆಯಿಂದ ಎಂದು ಮಾತ್ರ ಹೇಳುವುದಿಲ್ಲ. ಅಂಚಿನಲ್ಲಿ ನಿಂತವರಿಗೆ ಆ ಪಟ್ಟ ಬೇಕಾಗುವುದೂ ಇಲ್ಲ. ನೆಲ ಬಿರುಕುಬಿಟ್ಟು ಕುಸಿದು ಉಂಟಾದ ವಿಶಾಲವಾದ ತಗ್ಗು ಮೇಲೆ, ಅದರ ತಳವನ್ನು ನದಿಯು ಅಂಕುಡೊಂಕಾಗಿ ಕೊರೆದ ಇನ್ನೊಂದು ಕಂದರ ಒಳಗೆ, ಹೀಗೆ ಇಲ್ಲಿರುವುದು ಎರಡು ಅಂತಸ್ತಿನ ನೋಟ. ಚಳಿಗಾಲದಲ್ಲಿ ನದಿ ಅಲ್ಲಲ್ಲಿ ಮಡುಗಳಾಗಿ ನಿಂತಿರುತ್ತದೆ.

ಹೋಬಾಸ್ ಶಿಬಿರದಿಂದ ಸುಮಾರು 10 ಕಿ.ಮೀ. ದೂರದ ಮುಖ್ಯ ವೀಕ್ಷಣಾ ಸ್ಥಳವು ಪೂರ್ವದ ಅಂಚಿನಲ್ಲಿದೆ. ನಮ್ಮನ್ನು ಅಲ್ಲಿಗೆ ಕರೆದೊಯ್ದದ್ದು ಸೂರ್ಯಾಸ್ತದ ಹೊತ್ತಿಗೆ. ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಎದುರಿನ ಬಂಡೆಗೋಡೆಗಳು ಕಪ್ಪಾಗಿ, ಪದರಗಳೆಲ್ಲ ಕಲೆಸಿಹೋಗಿ, ನಾವು ನೋಡಿದ್ದು ಹೆಚ್ಚಾಗಿ ಆಕಾಶವನ್ನೇ. ಐದಾರು ಮಂದಿ ಪಟ್ಟು ಹಿಡಿದ ಮೇಲೆ ಚಾಲಕರು ಮರುದಿನ ಬೆಳಿಗ್ಗೆ ಮತ್ತೊಮ್ಮೆ ಕರೆದೊಯ್ದರು. ಬೆನ್ನ ಹಿಂದಿನ ಎಳೆಬಿಸಿಲು ಪಶ್ಚಿಮದ ಗೋಡೆಯ ಮೇಲಿನಿಂದ ಮೆಲ್ಲನೆ ಕೆಳಗಿಳಿಯುತ್ತಿದ್ದಂತೆ ಕಂದು, ಕೆಂಪು, ಬೂದು ಪದರಗಳು ಒಂದೊಂದಾಗಿ ಬೇರ್ಪಟ್ಟು ಕಾಣತೊಡಗಿದವು. ನದಿಯ ತಿರುವು ತಳದವರೆಗೆ ತೆರೆದುಕೊಳ್ಳುವ ಮೊದಲೇ ಹೊರಡುವ ಕರೆ ಬಂತು. ನಮಗೆ ಸಿಕ್ಕಿದ್ದು ಬರೀ 40 ನಿಮಿಷ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ದಿನದ ಮಟ್ಟಿಗೆ ಬಂದವರು ಕಂದರದೊಳಕ್ಕೆ ಇಳಿಯಲು ಅನುಮತಿಯಿಲ್ಲ. ಸುಮಾರು 85 ಕಿ.ಮೀ. ಉದ್ದದ ಚಾರಣ ಮಾರ್ಗವು ಮೇ 1ರಿಂದ ಸೆಪ್ಟೆಂಬರ್ 15ರವರೆಗೆ ಮಾತ್ರ ತೆರೆದಿರುತ್ತದೆ. ಅದಕ್ಕೂ ವೈದ್ಯಕೀಯ ಪ್ರಮಾಣಪತ್ರ ಬೇಕು. ನಮ್ಮಂಥವರಿಗೆ ದಕ್ಕುವುದು ಅಂಚಿನ ನೋಟವೊಂದೇ ಆದ್ದರಿಂದ, ಅದರ ವೇಳೆ ತಪ್ಪಿದರೆ ಕೊಟ್ಟ ಹಣಕ್ಕೆ ಅರ್ಧ ನೋಟವಷ್ಟೇ ಸಿಕ್ಕಿದಂತೆ.

ಸೆಸ್ರಿಯೆಮ್ ಕಂದರಕ್ಕೆ ಮಾತ್ರ ಸರಿಯಾದ ಹೊತ್ತಿಗೆ ತಲುಪಿದೆವು, ಅದೂ ಜಲ್ಲಿ ರಸ್ತೆಯಲ್ಲಿ ಟೈರು ಪಂಕ್ಚರಾಗಿ ತಡವಾದ್ದರಿಂದ! ತ್ಸೌಚಬ್ ನದಿ ಕೊರೆದ, ಒಂದು ಕಿ.ಮೀ.ನಷ್ಟು ಉದ್ದದ ಈ ಇಕ್ಕಟ್ಟಾದ ಸೀಳಿನೊಳಗೆ ನಡುಮಧ್ಯಾಹ್ನವೂ ನೆರಳು, ತಂಪು. ಆರು ಚರ್ಮದ ಪಟ್ಟಿಗಳನ್ನು ಗಂಟುಹಾಕಿ ಇಲ್ಲಿಂದ ನೀರು ಸೇದುತ್ತಿದ್ದುದರಿಂದ ಆಫ್ರಿಕಾನ್ಸ್ ಭಾಷೆಯ ಈ ಹೆಸರು ಬಂದಿದೆಯಂತೆ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಮುಂಗಡ ಕೊಡುವ ಮುನ್ನ ಹೋಬಾಸ್‌ನಲ್ಲಿ ಎರಡು ರಾತ್ರಿಯ ತಂಗುವಿಕೆ ಇದೆಯೇ ಎಂದು ಕೇಳಿಕೊಳ್ಳಿ. ಒಂದೇ ರಾತ್ರಿಯಾದರೆ, ಮರುದಿನ ಬೆಳಿಗ್ಗೆ ಅಂಚಿಗೆ ಕರೆದೊಯ್ಯುವುದನ್ನು ಬರಹದಲ್ಲಿ ಪಡೆದುಕೊಳ್ಳಿ.